ಕಡಲು ತಂದ ನಾದ

ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟವರು ನಗರದ ಉತ್ತರದ ಅಂಚಿನಲ್ಲಿ ಕೂಳೂರಿನ ಸೇತುವೆಯನ್ನು ದಾಟಬೇಕು. ಸೇತುವೆಯ ಕೆಳಗೆ ಹರಿಯುವುದು ಫಲ್ಗುಣಿ. ಗುರುಪುರ ನದಿಯೆಂಬ ಹೆಸರೂ ಇದಕ್ಕುಂಟು. ಕಡಲು ಇಲ್ಲಿಂದ ಬಹು ಸಮೀಪದಲ್ಲಿಯೇ ಇದೆ. ಆದರೂ ಈ ನದಿ ನೇರವಾಗಿ ಕಡಲನ್ನು ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿಯ ಮರಳುದಿಣ್ಣೆಯ ಬದಿಯಲ್ಲಿಯೇ ಸಾಗಿ, ಹಳೆಯ ಬಂದರಿನ ಬಳಿ ನೇತ್ರಾವತಿಯೊಡನೆ ಕೂಡಿಕೊಂಡು ಸಮುದ್ರದಲ್ಲಿ ಲೀನವಾಗುತ್ತದೆ. ಕೂಳೂರಿನ ಮಗ್ಗುಲಿಗಿರುವ ಪಣಂಬೂರಿನ ಹೊಸ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದಕ್ಕೂ ಬಹಳ ಹಿಂದಿನಿಂದಲೇ ಈ ತೀರಕ್ಕೂ ಅರಬ್ಬೀ ಸಮುದ್ರದ ಆಚೆಯ ನಾಡುಗಳಿಗೂ ಹಡಗಿನ ನಂಟು ಇತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ಇಲ್ಲಿನ ನದಿದಡದ ಜೇಡಿಮಣ್ಣು ಕೆಂಪು ಹಂಚಾಗಿ ಪೂರ್ವ ಆಫ್ರಿಕೆಯ ಮನೆಗಳ ಮಾಡನ್ನೂ ಏರಿತು.

ಹಡಗುಗಳು ಸರಕನ್ನು ಮಾತ್ರ ಹೊತ್ತು ತರುವುದಿಲ್ಲ. ಮಾತು, ಅಡುಗೆ, ಉಡುಪುಗಳಂತೆ ವಾದ್ಯಗಳೂ ಅವುಗಳ ಬೆನ್ನೇರಿ ಬರುತ್ತವೆ. ಬಂದ ವಾದ್ಯಗಳಲ್ಲಿ ಹಲವು ಕೆಲಕಾಲ ಕುತೂಹಲದ ವಸ್ತುಗಳಾಗಿದ್ದು ಮೂಲೆಗೆ ಸೇರುತ್ತವೆ. ಕೆಲವು ಮಾತ್ರ ಬಂದ ಊರನ್ನು ಮರೆತು ಹೊಸ ನಾಡಿನ ರಾಗವನ್ನೇ ನುಡಿಯತೊಡಗುತ್ತವೆ. ಈ ಮಾರ್ಪಾಡು ತಾನಾಗಿಯೇ ಆಗತಕ್ಕದ್ದಲ್ಲ. ಒಬ್ಬ ಸಂಗೀತಗಾರನು ತನ್ನ ಆಯುಷ್ಯದ ಒಳ್ಳೆಯ ಭಾಗವನ್ನು ಅದಕ್ಕಾಗಿ ತೆರಬೇಕಾಗುತ್ತದೆ.

ಪಿಟೀಲನ್ನೇ ನೋಡಬಹುದು. ಇಂದು ಪಿಟೀಲಿಲ್ಲದ ಕರ್ನಾಟಕ ಸಂಗೀತ ಕಚೇರಿಯನ್ನು ಊಹಿಸುವುದೇ ಕಷ್ಟ. ಆದರೆ ಅದು ಯುರೋಪಿನಿಂದ ಬಂದ ವಾದ್ಯ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರಂತಹವರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮುಂದೆ ಮೈಸೂರಿನ ಟಿ. ಚೌಡಯ್ಯನವರು ಧ್ವನಿವರ್ಧಕಗಳಿಲ್ಲದ ಆ ದಿನಗಳಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿನವರಿಗೂ ನಾದ ಕೇಳಿಸಬೇಕೆಂದು ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. ಹಾಗಿದ್ದರೂ ಪಿಟೀಲಿನ ದಾರಿ ಒಂದು ರೀತಿಯಲ್ಲಿ ಸುಗಮವಾಗಿತ್ತೆನ್ನಬೇಕು. ತಂತಿಯ ಮೇಲೆ ಬೆರಳು ಎಲ್ಲಿ ಬೇಕಾದರೂ ನಿಲ್ಲಬಲ್ಲದು, ಎಲ್ಲಿಂದ ಎಲ್ಲಿಗಾದರೂ ಜಾರಬಲ್ಲದು. ಸ್ವರಗಳನ್ನು ಮೊದಲೇ ಕತ್ತರಿಸಿಟ್ಟಂತಹ ವಾದ್ಯವೊಂದು ಬಂದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಮಂಗಳೂರಿನ ನೆಲದಲ್ಲಿ.

ಸ್ಯಾಕ್ಸೊಫೋನ್ ಎಂಬ ವಾದ್ಯವನ್ನು ರೂಪಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. 1846ರಲ್ಲಿ ಪ್ಯಾರಿಸ್ಸಿನಲ್ಲಿ ಅವನು ಅದರ ಹಕ್ಕುಪತ್ರವನ್ನು ಪಡೆದನು. ಹಿತ್ತಾಳೆಯಿಂದ ಮಾಡಿದ್ದಾದರೂ ಇದನ್ನು ಕಹಳೆಯ ಜಾತಿಗೆ ಸೇರಿಸುವುದಿಲ್ಲ. ಬಾಯಿಗಿಡುವ ತುದಿಯಲ್ಲಿ ಜೊಂಡಿನ ತೆಳುವಾದ ಪಟ್ಟಿಯೊಂದಿರುತ್ತದೆ. ಉಸಿರಿಗೆ ಅದು ಕಂಪಿಸಿದಾಗ ನಾದ ಹುಟ್ಟುತ್ತದೆ. ಈ ಗುಣದಿಂದ ಅದು ನಮ್ಮ ನಾಗಸ್ವರಕ್ಕೆ ದೂರದ ದಾಯಾದಿಯೆನ್ನಬಹುದು. ವ್ಯತ್ಯಾಸವಿರುವುದು ರಂಧ್ರಗಳಲ್ಲಿ. ನಾಗಸ್ವರದ ರಂಧ್ರಗಳು ತೆರೆದವು. ವಾದಕನು ಅವುಗಳನ್ನು ಬೆರಳಿನಿಂದ ಪೂರ್ತಿಯಾಗಿ ಮುಚ್ಚಬಲ್ಲನು, ಅರ್ಧ ಮುಚ್ಚಬಲ್ಲನು, ಕೂದಲೆಳೆಯಷ್ಟು ಸರಿಸಬಲ್ಲನು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳಿವೆ. ಕೀಲಿಯನ್ನು ಒತ್ತಿದರೆ ಮುಚ್ಚಳ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಒಂದೊಂದು ಒತ್ತಿಗೂ ಒಂದೊಂದು ನಿಶ್ಚಿತ ಸ್ವರ. ಯುರೋಪಿನ ಸೇನಾವಾದ್ಯಕ್ಕೆ ಬೇಕಾಗಿದ್ದುದು ಇದೇ.

ನಮ್ಮ ರಾಗಗಳಿಗೆ ಇಷ್ಟು ಸಾಲದು. ತೋಡಿ ರಾಗದ ಗಾಂಧಾರವನ್ನು ನೇರವಾಗಿ, ಅಲುಗಾಡದಂತೆ ಹಿಡಿದರೆ ಸ್ವರವೇನೋ ಸರಿಯಾಗಿಯೇ ಕೇಳಿಸುತ್ತದೆ. ತೋಡಿ ಮಾತ್ರ ಕೇಳಿಸುವುದಿಲ್ಲ. ಆ ಗಾಂಧಾರ ತನ್ನ ನೆಲೆಯ ಸುತ್ತ ತೂಗಾಡಬೇಕು. ಈ ತೂಗಾಟಕ್ಕೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಈ ನಡೆಗೆ ಗಮಕವೆಂದು ಹೆಸರು. ಗಮಕವನ್ನು ಕಳೆದುಕೊಂಡ ಕರ್ನಾಟಕ ಸಂಗೀತವು ಅರ್ಥವಿಲ್ಲದೆ ಓದಿದ ಕಾವ್ಯದಂತೆ. ಕೀಲಿಗಳ ವಾದ್ಯದಲ್ಲಿ ಗಮಕವನ್ನು ಹೊರಡಿಸಲಾಗದೆಂದು ವಿದ್ವಾಂಸರು ಹೇಳಿದರೆ ಅದು ಮತ್ಸರದ ಮಾತೇನೂ ಆಗಿರಲಿಲ್ಲ. ವಾದ್ಯವನ್ನು ಬಲ್ಲವರ ಮಾತಾಗಿತ್ತು.

ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಗೋಪಾಲನಾಥರು ಈ ಮಾತನ್ನು ಸುಳ್ಳುಮಾಡಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗನ ಮೊದಲ ಪಾಠಗಳು ನಾಗಸ್ವರದಲ್ಲಿಯೇ ಆದವು. ಒಮ್ಮೆ ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿದಾಗ ಅವರ ಮನಸ್ಸು ಅದರತ್ತ ಹರಿಯಿತು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರು ಅವರಿಗೆ ಕರ್ನಾಟಕ ಸಂಗೀತವನ್ನು ಈ ಹೊಸ ವಾದ್ಯದಲ್ಲಿ ಕಲಿಸಿದರು. ಮುಂದೆ ಮದರಾಸಿನಲ್ಲಿ ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯತ್ವವೂ ದೊರೆಯಿತು.

ಸ್ಯಾಕ್ಸೊಫೋನನ್ನು ವಶಪಡಿಸಿಕೊಳ್ಳಲು ಗೋಪಾಲನಾಥರಿಗೆ ಹಿಡಿದ ಕಾಲ ಸುಮಾರು ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷಗಳಲ್ಲಿ ಅವರು ಮಾಡಿದ್ದೇನೆಂಬುದನ್ನು ತಿಳಿಯಬೇಕಾದರೆ ಗಮಕದ ಕಷ್ಟವನ್ನೇ ಮತ್ತೆ ನೆನೆಯಬೇಕು. ಕೀಲಿಗಳು ಸ್ವರಗಳ ನಡುವಣ ಜಾಗವನ್ನು ಕೊಡಲಾರವು. ಆದುದರಿಂದ ಆ ಜಾಗವನ್ನು ತುಟಿ, ದವಡೆ, ಉಸಿರುಗಳಿಂದಲೇ ಗಳಿಸಬೇಕು. ತುಟಿಯ ಹಿಡಿತ ಸ್ವಲ್ಪ ಸಡಿಲಿದರೆ ಸ್ವರ ಕೆಳಗಿಳಿಯುತ್ತದೆ, ಬಿಗಿದರೆ ಮೇಲೇರುತ್ತದೆ. ಎಷ್ಟು ಸಡಿಲಿಸಬೇಕು, ಎಷ್ಟು ಹೊತ್ತಿನಲ್ಲಿ ಮರಳಿ ಬಿಗಿಯಬೇಕು ಎಂಬುದು ಪ್ರತಿಯೊಂದು ರಾಗಕ್ಕೂ, ರಾಗದ ಪ್ರತಿಯೊಂದು ಸ್ವರಕ್ಕೂ ಬೇರೆ ಬೇರೆ. ಇದನ್ನು ಹೇಳಿಕೊಡಬಲ್ಲ ಪುಸ್ತಕವಾಗಲಿ, ಅನುಸರಿಸಬಲ್ಲ ಹಿರಿಯ ವಾದಕರಾಗಲಿ ಅವರ ಮುಂದಿರಲಿಲ್ಲ. ನಾಗಸ್ವರದಲ್ಲಿ ಪಳಗಿದ ಕಿವಿಯೊಂದೇ ಅವರಿಗೆ ಇದ್ದ ಒರೆಗಲ್ಲು. ಪರದೇಶದ ವಾದ್ಯಕ್ಕೆ ಕರ್ನಾಟಕ ಸಂಗೀತದ ನುಡಿಯನ್ನು ಕಲಿಸಿಕೊಟ್ಟದ್ದು ತಂದೆಯ ವಾದ್ಯವೇ ಎಂದರೆ ತಪ್ಪಾಗಲಾರದು.

1980ರಲ್ಲಿ ಮುಂಬಯಿಯಲ್ಲಿ ಜಾಝ್ ಸಂಗೀತೋತ್ಸವ ನಡೆಯಿತು. ಜಾಝ್ ಎಂಬುದು ಅಮೆರಿಕದ ನೀಗ್ರೋ ಸಮುದಾಯದಲ್ಲಿ ಹುಟ್ಟಿ ಬೆಳೆದ ಸಂಗೀತ. ಸ್ಯಾಕ್ಸೊಫೋನ್ ಅಲ್ಲಿನ ಮುಖ್ಯ ವಾದ್ಯಗಳಲ್ಲೊಂದು. ಆ ಉತ್ಸವದಲ್ಲಿ ಗೋಪಾಲನಾಥರ ವಾದನವನ್ನು ಕೇಳಿದ ಕ್ಯಾಲಿಫೋರ್ನಿಯದ ವಾದಕ ಜಾನ್ ಹ್ಯಾಂಡಿ ಅವರೊಡನೆ ತಾನೂ ವೇದಿಕೆಯಲ್ಲಿ ನುಡಿಸಲು ಬಯಸಿದನು. ಅಲ್ಲಿಂದ ಮುಂದೆ ಗೋಪಾಲನಾಥರ ಕೀರ್ತಿ ಹೊರದೇಶಗಳಿಗೂ ಹರಡಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಭವನದಲ್ಲಿ ಬಿ.ಬಿ.ಸಿ.ಯವರು ನಡೆಸುವ ಪ್ರಾಮನೇಡ್ ಕಚೇರಿಗಳಿಗೆ ಆಹ್ವಾನಿತರಾದ ಮೊದಲ ಕರ್ನಾಟಕ ಸಂಗೀತ ಕಲಾವಿದರೆಂಬ ಗೌರವ ಅವರದಾಯಿತು. ಅದೇ ವರ್ಷ 'ಡ್ಯುಯೆಟ್' ಎಂಬ ತಮಿಳು ಚಲನಚಿತ್ರದ ಮೂಲಕ ಸಂಗೀತಸಭೆಗಳಿಗೆ ಕಾಲಿಡದವರೂ ಅವರ ವಾದನವನ್ನು ಕೇಳುವಂತಾಯಿತು. 2004ರಲ್ಲಿ ಪದ್ಮಶ್ರೀ ಬಂದಿತು. ಇಷ್ಟೆಲ್ಲ ಆದರೂ ಅವರ ಹೆಸರಿನ ಹಿಂದೆ ನಿಂತದ್ದು ಕೂಳೂರಿನಿಂದ ಹೆಚ್ಚು ದೂರವಿಲ್ಲದ ಕದ್ರಿಯ ಹೆಸರೇ. ಕದ್ರಿ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಅವರ ವಾದನ ಎಷ್ಟು ದೂರ ತಲುಪಿತೆಂಬುದಕ್ಕೆ ಒಂದು ಪ್ರಸಂಗವುಂಟು. ಕನ್ನಡ ಮೂಲದ ಕುಟುಂಬವೊಂದರಲ್ಲಿ 1971ರಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ತರುಣನು ಜಾಝ್ ಸ್ಯಾಕ್ಸೊಫೋನನ್ನು ಅಭ್ಯಾಸಮಾಡುತ್ತಿದ್ದನು. ಸಹೋದರನು ಅವನಿಗೆ ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ತಮಾಷೆಗೆಂದು ಉಡುಗೊರೆ ಕೊಟ್ಟನು. ಭಾರತೀಯ ಶೈಲಿಯ ಸ್ಯಾಕ್ಸೊಫೋನ್ ಎಂಬ ಮಾತೇ ಅಂದು ನಗೆ ತರಿಸುವಂತಿತ್ತು. ಮುದ್ರಿಕೆಯನ್ನು ಕೇಳಿದ ಮೇಲೆ ನಗೆ ಉಳಿಯಲಿಲ್ಲ. ಮುಂದೆ ಮಹಾಂತಪ್ಪನವರು ಗೋಪಾಲನಾಥರನ್ನೇ ಅರಸಿ ಬಂದು ಅವರೊಡನೆ ಕೂಡಿ ನುಡಿಸಿದರು. 2008ರಲ್ಲಿ ಹೊರಬಂದ ಆ ಜೋಡಿವಾದನದ ಮುದ್ರಿಕೆಗೆ 'ಕಿನ್ಸ್‌ಮೆನ್', ಅಂದರೆ ಬಂಧುಗಳು, ಎಂದು ಹೆಸರು.

ಇದೇ ಕಥೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಗೋಪಾಲನಾಥರ ಯಶಸ್ಸನ್ನು ಕಂಡು ಕರಾವಳಿಯ ಅನೇಕ ತರುಣರು ಸ್ಯಾಕ್ಸೊಫೋನನ್ನು ಕೈಗೆತ್ತಿಕೊಂಡರು. ದೇವಾಲಯದ ಉತ್ಸವ, ಮದುವೆಯ ದಿಬ್ಬಣ, ಭೂತದ ಕೋಲ ಮುಂತಾದ ಕಡೆಗಳಲ್ಲಿ ಹಿತ್ತಾಳೆಯ ಈ ವಾದ್ಯ ಇಂದು ಸಾಮಾನ್ಯವಾಗಿದೆ. ಆದರೆ ಆ ಸ್ಥಳಗಳೇನೂ ಹಿಂದೆ ಬರಿದಾಗಿರಲಿಲ್ಲ. ಅಲ್ಲಿ ನಾಗಸ್ವರವಿತ್ತು. ಮಗನು ತಂದೆಯ ವಾದ್ಯದ ನುಡಿಯನ್ನು ಹೊಸ ವಾದ್ಯಕ್ಕೆ ಧಾರೆಯೆರೆದನು. ಹೊಸ ವಾದ್ಯವು ತಂದೆಯ ವಾದ್ಯದ ಜಾಗವನ್ನು ತಾನು ತೆಗೆದುಕೊಂಡಿತು. ಇದು ಯಾರೊಬ್ಬರ ತಪ್ಪೂ ಅಲ್ಲ. ನಾಗಸ್ವರಕ್ಕೆ ಬೇಕಾಗುವ ಉಸಿರಿನ ಕಸುವು ದೊಡ್ಡದು, ಕಲಿಕೆ ದೀರ್ಘವಾದುದು, ಸಿಗುವ ಸಂಭಾವನೆ ಅಲ್ಪ. ಆದರೂ ತೆರೆದ ರಂಧ್ರಗಳ ಮೇಲೆ ಬೆರಳಾಡಿಸಿ ತೋಡಿಯನ್ನು ನುಡಿಸುವ ವಿದ್ವಾಂಸರು ಕರಾವಳಿಯಲ್ಲಿ ವಿರಳರಾಗುತ್ತಿರುವುದು ವ್ಯಸನದ ಸಂಗತಿಯೇ ಸರಿ. ಗಮಕವನ್ನು ನಾಗಸ್ವರದಿಂದ ಕಲಿಯದೆ, ಮೊದಲೇ ಕೀಲಿಗಳಿಂದ ಆರಂಭಿಸಿದ ಕಿವಿ ಯಾವ ಒರೆಗಲ್ಲನ್ನು ನೆಚ್ಚಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಹೊರಗಿನಿಂದ ಬಂದುದನ್ನು ತಮ್ಮದಾಗಿಸಿಕೊಂಡವರು ಅರಬ್ಬೀ ಸಮುದ್ರದ ಈ ದಡದಲ್ಲಿ ಮಾತ್ರ ಇದ್ದರೆಂದು ತಿಳಿಯಬಾರದು. ಮಂಗಳೂರಿನ ಹಂಚುಗಳು ಹೋಗುತ್ತಿದ್ದ ಪೂರ್ವ ಆಫ್ರಿಕೆಯ ತೀರದಲ್ಲಿ ಜಾಂಜಿಬಾರ್ ಎಂಬ ದ್ವೀಪವಿದೆ. ಇಂದು ಅದು ಟಾಂಜಾನಿಯ ದೇಶದ ಭಾಗ. ಅಲ್ಲಿಯ ಜನರ ಭಾಷೆ ಸ್ವಾಹಿಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ದ್ವೀಪವನ್ನಾಳುತ್ತಿದ್ದ ಅರಬ್ಬೀ ಸುಲ್ತಾನರ ಕಾಲದಲ್ಲಿ ಈಜಿಪ್ಟಿನ ವಾದ್ಯಸಂಗೀತ ಅಲ್ಲಿಗೆ ಬಂದಿತು. ತಾರಬ್ ಎಂದು ಹೆಸರಾದ ಆ ಸಂಗೀತವನ್ನು ಅರಮನೆಯಲ್ಲಿ ಅರಬ್ಬೀ ಭಾಷೆಯಲ್ಲಿ ಹಾಡಲಾಗುತ್ತಿತ್ತು. ಬೀದಿಯ ಜನರಿಗೆ ಅದರ ಮಾತು ತಿಳಿಯುತ್ತಿರಲಿಲ್ಲ. ಅದನ್ನು ಸ್ವಾಹಿಲಿಯಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದವರಲ್ಲಿ ಅಗ್ರಗಣ್ಯಳು ಸಿತಿ ಬಿಂತಿ ಸಾದ್ ಎಂಬ ಹೆಂಗಸು.

ಸುಮಾರು 1880ರಲ್ಲಿ ಫುಂಬಾ ಎಂಬ ಹಳ್ಳಿಯ ಬಡಕುಟುಂಬವೊಂದರಲ್ಲಿ ಅವಳು ಹುಟ್ಟಿದಳು. ಹೆತ್ತವರು ಗುಲಾಮಗಿರಿಯ ಹಿನ್ನೆಲೆಯವರು. ಮಗುವಿಗೆ ಇಟ್ಟ ಹೆಸರು ಮ್ತುಮ್ವಾ, ಅಂದರೆ ಆಳು. ಮಣ್ಣಿನ ಮಡಕೆಗಳನ್ನು ಹೊತ್ತು ಪಟ್ಟಣದಲ್ಲಿ ಮಾರುವಾಗ ಕೂಗುತ್ತಿದ್ದ ಕೂಗೇ ಅವಳ ಕಂಠಕ್ಕೆ ಮೊದಲ ಸಾಧನೆಯಾಯಿತು. 1911ರಲ್ಲಿ ಪಟ್ಟಣಕ್ಕೆ ಬಂದು ನೆಲಸಿದಳು. ಸಂಗೀತವನ್ನು ಕಲಿತು ಪ್ರಸಿದ್ಧಿಗೆ ಬಂದ ಮೇಲೆ ಜನರು ಅವಳನ್ನು 'ಸಿತಿ', ಅಂದರೆ ಗೌರವಸ್ಥ ಸ್ತ್ರೀ, ಎಂದು ಕರೆದರು. ಹುಟ್ಟಿನ ಹೆಸರು ಹಿಂದೆ ಸರಿಯಿತು. ಅವಳ ಹಾಡುಗಳಲ್ಲಿ ಪ್ರೇಮವಿತ್ತು, ಜೊತೆಗೆ ಊರಿನ ನ್ಯಾಯಾನ್ಯಾಯಗಳೂ ಇದ್ದವು. ಹೆಣ್ಣೊಬ್ಬಳನ್ನು ಕೊಂದವನು ತಪ್ಪಿಸಿಕೊಂಡು ಹೋಗಿ ಶಿಕ್ಷೆ ಬೇರೆಯವರ ಪಾಲಾದ ಘಟನೆಯನ್ನು ಅವಳು ಹಾಡಾಗಿಸಿದ್ದಳು.

1928ರಲ್ಲಿ ಗ್ರಾಮಫೋನ್ ಕಂಪನಿಯವರು ಸಿತಿಯ ಗಾಯನವನ್ನು ಮುದ್ರಿಸಲು ಬಯಸಿದರು. ಅದಕ್ಕಾಗಿ ಅವಳೂ ಅವಳ ಜೊತೆಗಾರರೂ ಹಡಗು ಹತ್ತಿ ಬಂದದ್ದು ಎಲ್ಲಿಗೆ? ಮುಂಬಯಿಗೆ. ಸ್ವಾಹಿಲಿ ಭಾಷೆಯ ಮೊದಮೊದಲ ಗ್ರಾಮಫೋನ್ ತಟ್ಟೆಗಳು ರೂಪುಗೊಂಡದ್ದು ಹೀಗೆ ನಮ್ಮ ಪಶ್ಚಿಮ ತೀರದಲ್ಲಿ. ಸಿತಿ 1950ರಲ್ಲಿ ಕಾಲವಾದಳು. ಸ್ವಾಹಿಲಿಯ ಹೆಸರಾಂತ ಲೇಖಕ ಶಾಬಾನ್ ರಾಬರ್ಟ್ ಅವಳ ಜೀವನಚರಿತ್ರೆಯನ್ನು ಬರೆದನು. ಅವಳ ಹಾಡುಗಳನ್ನು ಕೇಳಿ ಕಲಿತ ಬಿ ಕಿದೂದೆ ಎಂಬ ಗಾಯಕಿ ತೀರ ಇಳಿವಯಸ್ಸಿನವರೆಗೂ ದೇಶವಿದೇಶಗಳಲ್ಲಿ ಹಾಡುತ್ತಿದ್ದು 2013ರಲ್ಲಿ ನಿಧನಳಾದಳು.

ಗಂಡಸರ ಪಾಲಿನದೆಂದು ತಿಳಿದ ವೇದಿಕೆಯನ್ನು ಹೆಂಗಸೊಬ್ಬಳು ಏರುವುದು ಜಾಂಜಿಬಾರಿನಲ್ಲಿ ಸುಲಭವಾಗಿರಲಿಲ್ಲ, ತುಳುನಾಡಿನಲ್ಲಿಯೂ ಸುಲಭವಾಗಿರಲಿಲ್ಲ. ಯಕ್ಷಗಾನದಲ್ಲಿ ಹಾಡುವವನು ಭಾಗವತ. ಕೈಯಲ್ಲಿ ತಾಳ ಅಥವಾ ಜಾಗಟೆ, ಬದಿಯಲ್ಲಿ ಚೆಂಡೆ ಮದ್ದಲೆಗಳು, ಹಿಂದೆ ಶ್ರುತಿ. ಈ ಶ್ರುತಿಗೆ ಹಿಂದೆ ಸೋರೆಬುರುಡೆಯ ಪುಂಗಿಯಿತ್ತು. ಈಗ ಹಾರ್ಮೋನಿಯಂ ಜಾತಿಯ ಪೆಟ್ಟಿಗೆ ಬಂದಿದೆ, ಅದೂ ಕಡಲಾಚೆಯದೇ. ಆಟದ ಇಡೀ ನಡೆ ಭಾಗವತನ ಅಂಕೆಯಲ್ಲಿರುತ್ತದೆ. ವೇಷಧಾರಿ ಯಾವಾಗ ಕುಣಿಯಬೇಕು, ಯಾವಾಗ ಮಾತಾಡಬೇಕು ಎಂಬುದನ್ನು ಅವನ ಪದವೇ ನಿರ್ಣಯಿಸುತ್ತದೆ. ಚೆಂಡೆಯ ಅಬ್ಬರವನ್ನು ಮೀರಿ ಏರುಶ್ರುತಿಯಲ್ಲಿ ಇರುಳೆಲ್ಲ ಹಾಡಬೇಕಾದ ಕೆಲಸ ಅದು.

ಕಾಸರಗೋಡು ಸೀಮೆಯಲ್ಲಿ 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ಈ ಕಲೆಯ ಮೇರುಗಳಲ್ಲೊಬ್ಬರು. ಅಜ್ಜನ ಹೆಸರೂ ಅದೇ, ವೃತ್ತಿಯೂ ಅದೇ. ಅಜ್ಜನಿಂದ ಬಂದ ಹಾಡಿಕೆಯ ಧಾಟಿಯನ್ನು ಮೊಮ್ಮಗನು ಹೊಸ ರುಚಿಗಳಿಗೆ ಮಣಿಯಗೊಡದೆ ಕಾಪಾಡಿದರು. ಜನ ಅದನ್ನು ಬಲಿಪ ಶೈಲಿಯೆಂದೇ ಕರೆಯುತ್ತಾರೆ. ಕಟೀಲು ಮೇಳದಲ್ಲಿ ದೀರ್ಘಕಾಲ ಹಾಡಿದ ಅವರು ಐದು ದಿನಗಳ ದೇವೀಮಾಹಾತ್ಮ್ಯೆ ಪ್ರಸಂಗವನ್ನೂ ರಚಿಸಿದರು. ಪ್ರಸಂಗಗಳ ಪದ್ಯಗಳನ್ನು ಪುಸ್ತಕ ನೋಡದೆ ಹಾಡಬಲ್ಲ ಅವರ ಸ್ಮರಣೆ ಸೋಜಿಗದ್ದಾಗಿತ್ತು. 2022ರಲ್ಲಿ ಭಾಗವತರೇ ಆಗಿದ್ದ ಮಗ ಬಲಿಪ ಪ್ರಸಾದರನ್ನು ಕಳೆದುಕೊಂಡ ಹಿರಿಯರು ಮರುವರ್ಷ ತಾವೂ ಇಹವನ್ನು ತ್ಯಜಿಸಿದರು.

ಇಂತಹ ಗಂಡುಕಂಠಗಳ ಪರಂಪರೆಗೆ ಕಾಲಿಟ್ಟವರು ಲೀಲಾವತಿ ಬೈಪಾಡಿತ್ತಾಯರು. ಮಧೂರಿನಲ್ಲಿ 1947ರಲ್ಲಿ ಜನಿಸಿ, ಬಾಲ್ಯದಲ್ಲಿ ಶಾಸ್ತ್ರೀಯ ಸಂಗೀತವನ್ನು ಕಲಿತಿದ್ದ ಅವರಿಗೆ ಯಕ್ಷಗಾನದ ಪದಗಳನ್ನೂ ತಾಳಗಳನ್ನೂ ಹೇಳಿಕೊಟ್ಟವರು ಪತಿ ಹರಿನಾರಾಯಣ ಬೈಪಾಡಿತ್ತಾಯರು. ಅವರು ಚೆಂಡೆ ಮದ್ದಲೆಗಳ ವಾದಕರು. ಶಾಸ್ತ್ರೀಯ ಸಂಗೀತ ಬಲ್ಲವರಿಗೆ ಯಕ್ಷಗಾನ ಸುಲಭವೆಂಬ ಭಾವನೆ ಕೆಲವರಲ್ಲಿದೆ. ವಾಸ್ತವ ಹಾಗಿಲ್ಲ. ರಾಗವನ್ನು ಬೆಳೆಸುವುದನ್ನು ಕಲಿತವರು ಇಲ್ಲಿ ಅದನ್ನು ಸಂದರ್ಭಕ್ಕೆ ತಕ್ಕಷ್ಟು ಮೊಟಕುಗೊಳಿಸುವುದನ್ನು ಕಲಿಯಬೇಕಾಗುತ್ತದೆ. ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಗಂಡಸರ ಸಾಲಿನಲ್ಲಿ ಕುಳಿತು ರಾತ್ರಿಯಿಡೀ ಹಾಡಿದ ಮೊದಲ ಮಹಿಳೆಯೆಂದು ಅವರು ಮಾನ್ಯರಾದರು. ಆಟ ಮುಗಿದಾಗ ಬೆಳಗಾಗಿರುತ್ತಿತ್ತು; ಮನೆಗೆಲಸ ಕಾದಿರುತ್ತಿತ್ತು. 2024ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಅವರ ಅನಂತರ ಭಾಗವತಿಕೆಗೆ ಬಂದ ಹೆಣ್ಣುಮಕ್ಕಳು ಈಗ ಒಬ್ಬಿಬ್ಬರಲ್ಲ.

ಕೂಳೂರಿನ ಸುತ್ತಮುತ್ತ ತುಳು, ಕನ್ನಡ, ಬ್ಯಾರಿ ಮಾತುಗಳೊಡನೆ ಕೊಂಕಣಿಯೂ ಕಿವಿಗೆ ಬೀಳುತ್ತದೆ. ಈ ಭಾಷೆಯ ಹಾಡುಗಾರರಲ್ಲಿ ವಿಲ್ಫಿ ರೆಬಿಂಬಸರ ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1942ರಿಂದ 2010ರವರೆಗೆ ಬಾಳಿದ ಅವರು ಹಾಡನ್ನು ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುತ್ತಿದ್ದರು. ಜನರು ಅವರನ್ನು ಕೊಂಕಣ ಕೋಗಿಲೆಯೆಂದು ಕೊಂಡಾಡಿದರು. ಅವರ ಹಾಡುಗಳು ಗಿಟಾರಿನ ಜೊತೆಯಲ್ಲಿ, ಪಾಶ್ಚಾತ್ಯ ಸ್ವರಮೇಳದ ನಡೆಯಲ್ಲಿ ಸಾಗುತ್ತಿದ್ದರೂ ಮಾತು ಮಾತ್ರ ಮನೆಯಂಗಳದ್ದು.

ಎರಿಕ್ ಒಝೇರಿಯೊ ಅವರು ಹಿಡಿದ ಹಾದಿ ಇದಕ್ಕಿಂತ ಭಿನ್ನ. ಭಾಷೆಯಂತೆ ರಾಗವೂ ಕೊಂಕಣಿಯದೇ ಆಗಬೇಕೆಂಬುದು ಅವರ ಹಟ. 1986ರಲ್ಲಿ ಮಾಂಡ್ ಸೊಭಾಣ್ ಎಂಬ ಸಂಸ್ಥೆಯನ್ನು ಕಟ್ಟಿ, ಹಳ್ಳಿಯ ಮುದುಕಿಯರ ಸೋಬಾನೆಗಳನ್ನೂ, ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ಗುಮಟೆಯ ಗತ್ತನ್ನೂ ವೇದಿಕೆಗೆ ತಂದರು. ಸಮುದ್ರದಾಚೆಯಿಂದ ಬಂದ ರಾಗವು ಎಷ್ಟು ಕಾಲವಾದರೂ ಅತಿಥಿಯೇ ಎಂದು ಭಾವಿಸುವವರಿಗೆ ಇವರ ಮಾರ್ಗ ಒಪ್ಪಿಗೆಯಾದೀತು. ಗೋಪಾಲನಾಥರ ವಾದನವನ್ನು ಕೇಳಿದವರು ಅದಕ್ಕೆ ತಲೆದೂಗುವ ಮುನ್ನ ತುಸು ಯೋಚಿಸಿಯಾರು. 2008ರ ಜನವರಿಯಲ್ಲಿ ಈ ಸಂಸ್ಥೆ ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಹಾಡುಗಳನ್ನು ಎಡೆಬಿಡದೆ 40 ಗಂಟೆಗಳ ಕಾಲ ಹಾಡಿಸಿ ಗಿನ್ನೆಸ್ ದಾಖಲೆಯನ್ನು ಸ್ಥಾಪಿಸಿತು. ಒಝೇರಿಯೊ ಅವರು 2025ರಲ್ಲಿ ತೀರಿಕೊಂಡರು.

ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಬೇಸಗೆಯ ಕೊನೆಯ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತವೆ. ಮದುವೆಗಳೂ ಉತ್ಸವಗಳೂ ಹೆಚ್ಚಾಗಿ ಈ ಅವಧಿಯಲ್ಲಿಯೇ ನಡೆಯುತ್ತವೆ. ಅನಂತರ ಮಳೆ ಹಿಡಿದುಕೊಳ್ಳುತ್ತದೆ. ಫಲ್ಗುಣಿ ಕೆಂಪಾಗಿ ಕೂಳೂರಿನ ಸೇತುವೆಯ ಕಂಬಗಳನ್ನು ಬಡಿಯುತ್ತ ಹರಿಯುತ್ತದೆ. ವಾದಕರಿಗೆ ಅದು ಕರೆಗಳಿಲ್ಲದ ಕಾಲ. ಬಾಗಿಲು ಮುಚ್ಚಿದ ಮನೆಗಳಲ್ಲಿ ಸಾಧನೆಗೆ ಬಿಡುವು ಸಿಗುವುದು ಆಗಲೇ.